ದುಡಿದ ಮೈ, ಕೂತ ಮೈ

ಅಥಣಿ, ಕಾಗವಾಡ, ರಾಯಬಾಗ, ಜತ್ತ ಕಡೆಯ ಹಳ್ಳಿಗಳಲ್ಲಿ ಯಾರಾದರೂ "ಅವರನ್ನ ಮಿರಜಕ್ಕ ಒಯ್ದಾರ" ಎಂದರೆ ಮುಂದೆ ಏನನ್ನೂ ಕೇಳಬೇಕಾಗಿಲ್ಲ. ಕಾಯಿಲೆ ದೊಡ್ಡದು ಎಂದು ತಿಳಿಯುತ್ತದೆ. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಆ ಊರಿನ ಹೆಸರೇ ನಮ್ಮ ಜನರ ಬಾಯಲ್ಲಿ ಆಸ್ಪತ್ರೆಗೆ ಇನ್ನೊಂದು ಹೆಸರಾಗಿದೆ. ಮಿರಜದಿಂದ ಸುಮಾರು ಹತ್ತು ಕಿಲೋಮೀಟರ್ ಹೋದರೆ ಸಾಂಗಲಿ. ಆ ಹೆಸರು ಕೇಳಿದರೆ ಅರಿಶಿನ ನೆನಪಾಗುತ್ತದೆ, ಕುಸ್ತಿ ನೆನಪಾಗುತ್ತದೆ. ಒಂದು ಊರಿನಲ್ಲಿ ಮೈ ಬೆಳೆಸುತ್ತಾರೆ, ಇನ್ನೊಂದರಲ್ಲಿ ಮೈ ರಿಪೇರಿ ಮಾಡುತ್ತಾರೆ. 1998ರಿಂದ ಎರಡೂ ಒಂದೇ ಮಹಾನಗರ ಪಾಲಿಕೆಗೆ ಸೇರಿವೆ.

ವ್ಯಾಯಾಮದ ಬಗ್ಗೆ ಬರೆಯಿರಿ ಎಂದು ಕೆಲವು ಓದುಗರು ಬಹಳ ದಿನಗಳಿಂದ ಕೇಳುತ್ತಿದ್ದಾರೆ. ಏನು ಬರೆಯಬೇಕೆಂದು ಹೊಳೆದದ್ದು ಇತ್ತೀಚೆಗೆ, ಮಿರಜದ ಒಂದು ಆಸ್ಪತ್ರೆಯಲ್ಲಿ. ಗಡಿ ಹಳ್ಳಿಯ ರೈತರೊಬ್ಬರಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದ್ದರು. ಮನೆಗೆ ಕಳಿಸುವ ದಿನ ಡಾಕ್ಟರು ಮಾತ್ರೆಗಳ ವಿವರ ಹೇಳಿ, ದಿನಾ ಸ್ವಲ್ಪ ಸ್ವಲ್ಪವಾಗಿ ನಡೆಯುವುದನ್ನು ರೂಢಿಸಿಕೊಳ್ಳಿ ಎಂದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿಗೂ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದು, "ನೀವೂ ಜೊತೆಗೆ ನಡೆಯಿರಿ" ಎಂದರು. ಆಕೆ ನಕ್ಕುಬಿಟ್ಟರು. "ಸಾಹೇಬ್ರ, ಮುಂಜಾನೆ ಐದಕ್ಕ ಎದ್ದ ಮ್ಯಾಲ ನಾ ಕುಂತದ್ದ ಯಾವಾಗ?" ಡಾಕ್ಟರಿಗೆ ಕನ್ನಡ ಅಷ್ಟಾಗಿ ಬಾರದು. ನಾನು ಮರಾಠಿಯಲ್ಲಿ ಹೇಳಿದೆ. ಅವರೂ ನಕ್ಕರು. ಆದರೆ ಆ ತಾಯಿಯ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ನಮ್ಮ ಅರ್ಧದಷ್ಟು ಮನೆಗಳ ಪ್ರಶ್ನೆ ಅದು.

ವಿಜ್ಞಾನಿಗಳು ಎರಡು ಮಾತುಗಳನ್ನು ಬೇರೆ ಬೇರೆಯಾಗಿ ಬಳಸುತ್ತಾರೆ. ಸ್ನಾಯುಗಳು ಕೆಲಸ ಮಾಡಿ ಶಕ್ತಿ ಖರ್ಚಾಗುವ ಯಾವುದೇ ಚಲನೆಗೆ ದೈಹಿಕ ಚಟುವಟಿಕೆ ಎನ್ನುತ್ತಾರೆ. ಕಸ ಗುಡಿಸುವುದು, ಹೊಲದಲ್ಲಿ ಕಳೆ ತೆಗೆಯುವುದು, ಬಸ್ಸು ಹಿಡಿಯಲು ಓಡುವುದು ಎಲ್ಲವೂ ಅದರಲ್ಲಿ ಬಂತು. ಮೈಗೆ ಕಸುವು ಬರಲೆಂದೇ, ಇಷ್ಟು ಹೊತ್ತು ಇಷ್ಟು ಸಲ ಎಂದು ಗೊತ್ತುಮಾಡಿಕೊಂಡು ಮಾಡುವುದು ವ್ಯಾಯಾಮ. ನನಗೆ ಕಾಣುವ ವ್ಯತ್ಯಾಸ ಇನ್ನೂ ಸರಳ. ವ್ಯಾಯಾಮವನ್ನು ದಣಿವಾದಾಗ ನಿಲ್ಲಿಸಬಹುದು. ದುಡಿಮೆಯನ್ನು ಕೆಲಸ ಮುಗಿದಾಗ ಮಾತ್ರ ನಿಲ್ಲಿಸಬಹುದು.

ಸಾಂಗಲಿಯ ಅರಿಶಿನ ಪೇಟೆಯಲ್ಲಿ ಒಂದು ಮುಂಜಾನೆ ನಿಂತು ನೋಡಿ. ಹಮಾಲರು ಬೆನ್ನಿಗೆ ಚೀಲ ಹೊತ್ತು ಗಾಡಿಯಿಂದ ಅಂಗಡಿಗೆ, ಅಂಗಡಿಯಿಂದ ಗಾಡಿಗೆ ನಡೆಯುತ್ತಲೇ ಇರುತ್ತಾರೆ. ಕೈಕಾಲು ಕಬ್ಬಿಣದಂತೆ. ಇವರಿಗೆ ವ್ಯಾಯಾಮದ ಉಪದೇಶ ಮಾಡಲು ಯಾರಿಗೆ ಧೈರ್ಯ? ಆದರೂ ಸೊಂಟನೋವು, ಮಂಡಿನೋವು, ರಕ್ತದೊತ್ತಡ ಇವರನ್ನು ಬಿಟ್ಟಿಲ್ಲ. ಡೆನ್ಮಾರ್ಕಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯಲ್ಲಿ ಹೆಚ್ಚು ಓಡಾಡುವವರಿಗೆ ಹೃದಯದ ತೊಂದರೆ ಕಡಿಮೆ ಕಂಡಿತು; ಕೆಲಸದ ಸ್ಥಳದಲ್ಲೇ ಮೈ ಮುರಿದು ದುಡಿಯುವವರಿಗೆ ಹೆಚ್ಚು ಕಂಡಿತು. ಗಂಟೆಗಟ್ಟಲೆ ಭಾರ ಎತ್ತುವಾಗ ರಕ್ತದೊತ್ತಡ ಏರಿಯೇ ಇರುತ್ತದೆ, ಅದೇ ಕೀಲು ಅದೇ ರೀತಿ ಸವೆಯುತ್ತದೆ, ನಡುವೆ ಸುಧಾರಿಸಿಕೊಳ್ಳಲು ಸಮಯವಿಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆ. ಬಡತನ, ತಂಬಾಕು, ನಿದ್ದೆಗೇಡು ಇವುಗಳ ಪಾಲು ಎಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಏನೇ ಇರಲಿ, "ಮೈ ಮುರಿದು ದುಡಿಯುತ್ತೇನೆ, ನನಗೇನೂ ಆಗದು" ಎಂಬ ಭರವಸೆಯನ್ನು ವೈದ್ಯರು ಈಗ ಕೊಡುವುದಿಲ್ಲ.

ಅದೇ ಸಾಂಗಲಿಯ ತಾಲೀಮಿಗೆ ಬನ್ನಿ. ಅಲ್ಲಿಯೂ ಮೈ ಮುರಿಯುವ ಕೆಲಸವೇ. ಗುದ್ದಲಿಯಿಂದ ಕಣದ ಕೆಂಪು ಮಣ್ಣು ಅಗೆದು ಹದಮಾಡುವುದರಿಂದ ಹಿಡಿದು ನೂರಾರು ದಂಡ, ಬೈಠಕ್, ಆಮೇಲೆ ಜೋಡಿಯ ಸೆಣಸಾಟ. ಈ ಜಿಲ್ಲೆಯ ಕವಠೆ ಪಿರಾನ್ ಹಳ್ಳಿಯ ಮಾರುತಿ ಮಾನೆ, ಶಿರಾಳಾ ತಾಲೂಕಿನ ಪುನವತದ ಗಣಪತರಾವ್ ಆಂದಳಕರ ಇಬ್ಬರೂ ಹಿಂದ್ ಕೇಸರಿಗಳು, 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಿಂದ ಚಿನ್ನದ ಪದಕ ತಂದವರು. ಹಮಾಲನ ಭಾರಕ್ಕೂ ಪೈಲ್ವಾನನ ಭಾರಕ್ಕೂ ಅಂತರವೇನು? ಪೈಲ್ವಾನನ ಹಿಂದೆ ಒಬ್ಬ ವಸ್ತಾದ ಇರುತ್ತಾನೆ. ಇವತ್ತು ಇಷ್ಟು ಸಾಕು ಎನ್ನುತ್ತಾನೆ. ಮಾಲೀಶ್ ಇದೆ, ಹಾಲು ಬಾದಾಮಿಯ ಖುರಾಕು ಇದೆ, ಮಧ್ಯಾಹ್ನ ಗಾಢ ನಿದ್ದೆ ಇದೆ. ಸ್ನಾಯು ಬಲವಾಗುವುದು ಭಾರ ಎತ್ತುವ ಗಳಿಗೆಯಲ್ಲಲ್ಲ. ಆಗ ಅದು ಸ್ವಲ್ಪ ಹರಿಯುತ್ತದೆ. ಆಮೇಲೆ ಮಲಗಿದಾಗ, ಉಂಡಾಗ, ಮೊದಲಿಗಿಂತ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಹಮಾಲನಿಗೆ ಹರಿಯುವ ಭಾಗ ಮಾತ್ರ ಸಿಗುತ್ತದೆ. ನಮ್ಮ ಆ ತಾಯಿಗೂ ಅಷ್ಟೇ.

2022ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಮೊದಲ ಪದಕ ಬಂದದ್ದು ಸಾಂಗಲಿಯ ಹುಡುಗನಿಂದ. ಸಂಕೇತ ಸರಗರ, 55 ಕಿಲೋ ವಿಭಾಗದ ಭಾರ ಎತ್ತುವವನು. ಎರಡು ಎತ್ತುಗಳಲ್ಲಿ ಒಟ್ಟು 248 ಕಿಲೋ. ಒಂದೇ ಕಿಲೋದಿಂದ ಚಿನ್ನ ತಪ್ಪಿ ಬೆಳ್ಳಿ ಬಂತು. ಸ್ಪರ್ಧೆಯ ನಡುವೆ ಮೊಣಕೈಗೆ ಪೆಟ್ಟಾಗಿತ್ತು. ತಂದೆಯದು ಸಾಂಗಲಿಯಲ್ಲಿ ಪಾನ್ ಅಂಗಡಿ, ಚಹಾ ಅಂಗಡಿ. ಹುಡುಗ ಅಂಗಡಿಯ ಕೆಲಸಕ್ಕೂ ಕೈಹಚ್ಚಿದವನೇ. ಆದರೆ ಅಂಗಡಿಯ ಓಡಾಟವೇ ತನಗೆ ಸಾಕಾದ ತಾಲೀಮು ಎಂದು ಅವನು ಅಂದುಕೊಂಡಿದ್ದರೆ ನಾವು ಅವನ ಹೆಸರು ಕೇಳುತ್ತಿರಲಿಲ್ಲ.

ಪೈಲ್ವಾನರ ಊರಿನಲ್ಲಿ ಇನ್ನೊಂದು ದೃಶ್ಯವೂ ಕಾಣಸಿಗುತ್ತದೆ. ತಾಲೀಮು ಬಿಟ್ಟು, ಖುರಾಕು ಬಿಡದವರದು. ಮೂವತ್ತರಲ್ಲಿ ಎದೆ ಇದ್ದಲ್ಲಿ ನಲವತ್ತೈದರಲ್ಲಿ ಹೊಟ್ಟೆ ಇರುತ್ತದೆ. ಹಳೆಯ ವ್ಯಾಯಾಮವನ್ನು ಮೈ ಬ್ಯಾಂಕಿನಲ್ಲಿ ಇಟ್ಟಂತೆ ಇಟ್ಟುಕೊಳ್ಳುವುದಿಲ್ಲ. ಕೆಲವೇ ವಾರ ನಿಲ್ಲಿಸಿದರೆ ದಮ್ಮು ಇಳಿಯುತ್ತದೆ, ಕೆಲವು ತಿಂಗಳಲ್ಲಿ ಬಲ ಇಳಿಯುತ್ತದೆ. (ಸೆಮಿನರಿಯಲ್ಲಿ ಸಂಜೆ ಆಟದ ಗಂಟೆ ಬಾರಿಸಿದರೆ ಯಾರೂ ಕೋಣೆಯಲ್ಲಿ ಕೂರುವಂತಿರಲಿಲ್ಲ. ಗುರುದೀಕ್ಷೆಯಾದ ಮೇಲೆ ಆ ಗಂಟೆ ಬಾರಿಸುವವರಿಲ್ಲ. ಮನೆಮನೆಗೆ ಹೋದಲ್ಲೆಲ್ಲ ಚಹಾ, ಚಕ್ಕುಲಿ ಕೊಡುವವರು ಮಾತ್ರ ಇದ್ದಾರೆ. ಯಾಜಕರ ಸೊಂಟದ ಸುತ್ತಳತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ.)

ಇನ್ನು ಕೂತವರ ಮಾತು. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಅದೇ ಬಸ್ಸು, ಅದೇ ರಸ್ತೆ. ಆದರೆ ದಿನವಿಡೀ ಕೂತ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಡ್ರೈವರುಗಳು ಮೊದಲಿನಿಂದಲೇ ದಪ್ಪಗಿದ್ದರೇನೋ ಎಂಬ ಸಂಶಯ ಬಂದು, ಅವರಿಗೆ ಕೊಟ್ಟ ಸಮವಸ್ತ್ರಗಳ ಸೊಂಟದ ಅಳತೆಯನ್ನೂ ಮಾರಿಸ್ ಮತ್ತು ಸಂಗಡಿಗರು ತೆಗೆದು ನೋಡಿದರು. ಡ್ರೈವರುಗಳ ಪ್ಯಾಂಟು ನಿಜಕ್ಕೂ ಅಗಲವಾಗಿದ್ದವು. ಆದ್ದರಿಂದ ಎಲ್ಲವೂ ಮೆಟ್ಟಿಲುಗಳ ಮಹಿಮೆ ಎನ್ನುವಂತಿಲ್ಲ. ಆದರೂ ಮುಂದಿನ ಎಪ್ಪತ್ತು ವರ್ಷಗಳ ಸಂಶೋಧನೆ ಮಾರಿಸರ ಮೂಲ ಮಾತನ್ನು ಗಟ್ಟಿಮಾಡಿದೆ. ಅವರು ತೀರಿಕೊಂಡದ್ದು 2009ರಲ್ಲಿ, 99ನೇ ವಯಸ್ಸಿನಲ್ಲಿ.

ಕಂಡಕ್ಟರನ ಮೆಟ್ಟಿಲೂ ದುಡಿಮೆಯೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಬೆನ್ನ ಮೇಲೆ ಚೀಲವಿಲ್ಲದ, ನಡುನಡುವೆ ಬಿಡುವಿರುವ ದುಡಿಮೆ. ಅಂಥದ್ದು ಮೈಗೆ ಒಗ್ಗುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿದಂತಾಗಿ ಕಾಲಿನ ರಕ್ತವನ್ನು ಹೃದಯದ ಕಡೆ ಮೇಲೆ ತಳ್ಳುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ದಾರಿ ಕಾಯದೆಯೂ ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ಸಕ್ಕರೆ ಕಾಯಿಲೆಯವರು ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಅಡ್ಡಾಡಿದರೆ ಏರುವ ಸಕ್ಕರೆ ಅಷ್ಟು ಏರುವುದಿಲ್ಲ. ಇದಕ್ಕೆ ಬೂಟು ಬೇಡ, ಮೈದಾನ ಬೇಡ, ಅಂಗಳ ಸಾಕು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ, 65 ದಾಟಿದವರಿಗೆ ಬೀಳದಂತೆ ಸಮತೋಲ ಕಲಿಸುವ ಅಭ್ಯಾಸ ವಾರಕ್ಕೆ ಮೂರು ದಿನ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಆಗಲೇ ಕೈಬಿಟ್ಟರು. 2022ರ ಅಂಕಿ ಅಂಶಗಳಂತೆ ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ ಈ ಅಳತೆ ಮುಟ್ಟುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚು, ನೂರರಲ್ಲಿ 57 ಮಂದಿ. ಪೇಟೆಯ ಹೆಂಗಸರನ್ನು ನೋಡಿದವರಿಗೆ ಇದು ನಿಜವೆನ್ನಿಸುತ್ತದೆ. ಮಿಕ್ಸರ್, ವಾಶಿಂಗ್ ಮಶೀನ್, ಸ್ಕೂಟಿ ಬಂದಿವೆ. ಹಳ್ಳಿಯ ತಾಯಿಗೆ ಬಂದದ್ದು ಸಕ್ಕರೆ ಕಾಯಿಲೆ ಮಾತ್ರ.

ಆ ರೈತರ ಮನೆಗೇ ಮರಳೋಣ. ಯಜಮಾನರು ಹೊಲಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ, ಮೋಟಾರ್ ಪಂಪಿನ ಗುಂಡಿ ಒತ್ತಿ ಬದುವಿನ ಮೇಲೆ ಕೂರುತ್ತಾರೆ. ಹತ್ತನೇ ತರಗತಿಯ ಮಗ ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಾನೆ. ಸೊಸೆ ಬಸುರಿ, ಅವಳಿಗೆ ಎದ್ದೇಳಬೇಡ ಎಂದು ಎಲ್ಲರ ಆಜ್ಞೆ. ಎಮ್ಮೆ, ನೀರು, ಸಗಣಿ, ಕಸ, ರೊಟ್ಟಿ ಎಲ್ಲ ಆ ಒಬ್ಬಾಕೆಯ ತಲೆ ಮೇಲೆ. ಒಂದೇ ಸೂರಿನ ಕೆಳಗೆ ಒಂದು ಮೈಗೆ ಅತಿಯಾಯಿತು, ಮೂರು ಮೈಗೆ ಸಾಲದಾಯಿತು. ಈ ಮನೆಗೆ ವ್ಯಾಯಾಮದ ಪಾಠ ಹೇಳುವ ಮೊದಲು ಕೆಲಸ ಹಂಚಿಕೊಳ್ಳುವ ಪಾಠ ಹೇಳಬೇಕು. ನೀರಿನ ಕೊಡ ಮಗನ ಹೆಗಲಿಗೆ ಹೋಗಲಿ, ಅವನಿಗೆ ವಾರದ ಸ್ನಾಯುಬಲದ ಲೆಕ್ಕ ತುಂಬುತ್ತದೆ. ಡಾಕ್ಟರು ಒಪ್ಪಿದ ಮೇಲೆ ಯಜಮಾನರು ಹೊಲಕ್ಕೆ ನಡೆದೇ ಹೋಗಲಿ. ತೊಂದರೆಯಿಲ್ಲದ ಬಸಿರಿನಲ್ಲಿ ಡಾಕ್ಟರನ್ನು ಕೇಳಿ ಸೊಸೆಯೂ ದಿನಾ ನಡೆಯಬಹುದು, ಮಲಗಿಸಿಡುವುದು ಪ್ರೀತಿಯಲ್ಲ. ತಾಯಿಗೆ ಮೊದಲು ಬೇಕಾದದ್ದು ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚುವ ಬಿಡುವು.

ಆಕೆಯ ಮಂಡಿಗೆ ಒಂದು ಅಭ್ಯಾಸವನ್ನೂ ಹೇಳುತ್ತೇನೆ. ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ಮುಂದಕ್ಕೆ ನೇರವಾಗಿ ಚಾಚಿ, ತೊಡೆಯ ಮುಂಭಾಗ ಬಿಗಿದು ಐದು ಎಣಿಸಿ ಇಳಿಸುವುದು. ಹತ್ತು ಸಲ, ಆಮೇಲೆ ಇನ್ನೊಂದು ಕಾಲು. ದಿನವಿಡೀ ನಿಂತವರಿಗೆ ಇದೇನು ಎಂದು ನಗು ಬಂದೀತು. ಆದರೆ ಬಗ್ಗಿ ಕೂತು ಏಳುವಾಗ ಮಂಡಿಯ ಭಾರ ಹೊರುವುದು ಈ ತೊಡೆಯ ಸ್ನಾಯು. ಅದು ಸೋತಷ್ಟೂ ಕೀಲಿಗೆ ಪೆಟ್ಟು. ಚುಚ್ಚಿದಂತೆ ನೋವಾದರೆ ನಿಲ್ಲಿಸಿ ತೋರಿಸಿಕೊಳ್ಳಬೇಕು.

ನಡೆಯುವ ವಿಷಯದಲ್ಲಿ ನಮ್ಮ ಹಳ್ಳಿಗಳಲ್ಲಿ ಒಂದು ಸಂಕೋಚವೂ ಇದೆ. ಸಾಂಗಲಿಯ ಆಮರಾಈ ಉದ್ಯಾನದಲ್ಲಿ ಬೆಳಗ್ಗೆ ಹೆಂಗಸರು ಗುಂಪುಗುಂಪಾಗಿ ಸುತ್ತು ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಹಳ್ಳಿಯಲ್ಲಿ ಹೆಂಗಸೊಬ್ಬಳು ಕೈಯಲ್ಲಿ ಏನೂ ಇಲ್ಲದೆ ರಸ್ತೆಯಲ್ಲಿ ಹೋದರೆ "ಎಲ್ಲಿಗೆ ಹೊಂಟಿ?" ಎಂದು ಹತ್ತು ಮಂದಿ ಕೇಳುತ್ತಾರೆ. ಇಬ್ಬರು ಮೂವರು ಕೂಡಿ ಹೊರಟರೆ ಒಂದು ತಿಂಗಳಲ್ಲಿ ಕೇಳುವುದು ನಿಲ್ಲುತ್ತದೆ.

ಮೊದಲ ವಾರವೇ ಐದು ಕಿಲೋಮೀಟರ್ ಬೇಡ. ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಸ್ವಲ್ಪ ಏರಿಸಿ. ಎದೆ ಹಿಡಿದಂತಾದರೆ, ಎಡಗೈಗೆ ಅಥವಾ ದವಡೆಗೆ ನೋವು ಹರಿದರೆ, ತಲೆ ಸುತ್ತಿದರೆ ಅಲ್ಲೇ ಕೂತು ಜೊತೆಯವರನ್ನು ಕರೆಯಿರಿ, ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬೇಡಿ, ರಾತ್ರಿ ಅಂಗಾಲು ನೋಡಿಕೊಳ್ಳಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ಜೇಬಿನಲ್ಲಿ ಬೆಲ್ಲದ ಚೂರು ಅಥವಾ ಸಕ್ಕರೆ ಇಟ್ಟುಕೊಂಡಿರಿ.

ಎಷ್ಟು ಬಿರುಸಾಗಿ ನಡೆಯಬೇಕು ಎಂದು ತಿಳಿಯಲು ವೈದ್ಯರು ಒಂದು ಸುಲಭ ಪರೀಕ್ಷೆ ಹೇಳುತ್ತಾರೆ: ಮಾತಾಡಲು ಬರಬೇಕು, ಹಾಡಲು ಬರಬಾರದು. ಜಪಸರ ಹೇಳುತ್ತ ನಡೆಯಬಹುದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಧಾರಾಳವಾಗಿ ನಡೆಯಬಹುದು. ಐದು ರಹಸ್ಯಗಳಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಪ್ರಾರ್ಥನೆ ಬಾಯಿಗೆ ಬಂದು, ಕೊನೆಯ ಗೀತೆ ಹಾಡಲು ಉಸಿರು ಸಾಲದಿದ್ದರೆ ನಿಮ್ಮ ವೇಗ ಸರಿಯಾಗಿದೆ. ರಸ್ತೆ ದಾಟುವಾಗ ಮಾತ್ರ ಕಣ್ಣು ಮುಚ್ಚಬೇಡಿ.