ಆಸ್ಪತ್ರೆಗಳ ಪೈಪೋಟಿ ಮತ್ತು ರೋಗಿಯ ಗಂಟು

ಒಂದೇ ಬೀದಿಯಲ್ಲಿ ನಾಲ್ಕು ಜವಳಿ ಅಂಗಡಿಗಳಿದ್ದರೆ ಸೀರೆಯ ಬೆಲೆ ಇಳಿಯುವುದು ಲೋಕಾನುಭವ. ಹಾಗಿದ್ದಮೇಲೆ ಒಂದೇ ಊರಿನಲ್ಲಿ ನಾಲ್ಕು ದೊಡ್ಡ ಆಸ್ಪತ್ರೆಗಳು ತಲೆಯೆತ್ತಿದಾಗ ಚಿಕಿತ್ಸೆಯ ವೆಚ್ಚವೂ ಇಳಿಯಬೇಕಲ್ಲವೇ ಎಂದು ಅನೇಕ ಗೃಹಸ್ಥರು ಕೇಳುವುದುಂಟು. ಪ್ರಶ್ನೆ ಸಹಜವಾದುದೇ, ಉತ್ತರ ಮಾತ್ರ ಅಷ್ಟು ಸರಳವಾಗಿಲ್ಲ.

ಸೀರೆ ಕೊಳ್ಳುವ ಗೃಹಿಣಿ ನಾಲ್ಕು ಅಂಗಡಿಗಳನ್ನು ಹತ್ತಿಳಿದು, ಸೆರಗು ಬಿಡಿಸಿ ನೋಡಿ, ಚೌಕಾಶಿ ಮಾಡುತ್ತಾಳೆ. ಒಪ್ಪಿಗೆಯಾಗದಿದ್ದರೆ ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಾಳೆ. ಎದೆನೋವಿನಿಂದ ನರಳುವವನಿಗೆ ಈ ಸ್ವಾತಂತ್ರ್ಯವೆಲ್ಲಿಯದು? ಅವನಿಗೆ ಬೇಕಾದುದೇನೆಂದು ನಿರ್ಧರಿಸುವವರು ವೈದ್ಯರು. ಅದನ್ನು ಒದಗಿಸುವುದೂ ಅವರಿರುವ ಆಸ್ಪತ್ರೆಯೇ. ತಿಳಿದವನಿಗೂ ತಿಳಿಯದವನಿಗೂ ನಡುವಿನ ಈ ಅಂತರದಿಂದಾಗಿ ವೈದ್ಯಕೀಯವು ಇತರ ಸರಕುಗಳಂತಲ್ಲವೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲಿಯೇ ವಿವರಿಸಿದ್ದರು.

ಆ ದೇಶದ ಅನುಭವ ವಿಚಾರಯೋಗ್ಯವಾದುದು. ರಾಬಿನ್ಸನ್ ಮತ್ತು ಲುಫ್ಟ್ ಎಂಬ ವಿದ್ವಾಂಸರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆರೆಯಲ್ಲಿ ಪ್ರತಿಸ್ಪರ್ಧಿಗಳು ಹೆಚ್ಚಾಗಿದ್ದ ಆಸ್ಪತ್ರೆಗಳ ವೆಚ್ಚವೇ ಹೆಚ್ಚಾಗಿದ್ದುದು ಕಂಡುಬಂದಿತು. ಅಲ್ಲಿ ರೋಗಿಗಳನ್ನು ಕರೆತರುತ್ತಿದ್ದವರು ವೈದ್ಯರು. ಅವರನ್ನು ಒಲಿಸಿಕೊಳ್ಳಲು ಪ್ರತಿಯೊಂದು ಆಸ್ಪತ್ರೆಯೂ ಹೊಸ ಯಂತ್ರ, ಹೆಚ್ಚಿನ ಹಾಸಿಗೆಗಳನ್ನು ಸಿದ್ಧಪಡಿಸುತ್ತಿತ್ತು. ಖರ್ಚಾದಷ್ಟನ್ನು ವಿಮೆಯವರು ತೆರುತ್ತಿದ್ದರು. ರಾಷ್ಟ್ರಗಳ ನಡುವಿನ ಶಸ್ತ್ರಾಸ್ತ್ರ ಪೈಪೋಟಿಗೇ ಇದನ್ನು ಹೋಲಿಸಿದರು. ಹೋಲಿಕೆ ಉಚಿತವಾಗಿಯೇ ಇದೆ. ಮುಂದೆ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ 1982ರ ಕಾನೂನಿನಿಂದ, ತಮಗೆ ಬೇಕಾದ ಆಸ್ಪತ್ರೆಗಳೊಡನೆ ಮಾತ್ರ ದರ ಕುದುರಿಸಿಕೊಳ್ಳುವ ಅಧಿಕಾರ ವಿಮೆಯವರಿಗೆ ದೊರೆಯಿತು. ಆಗ ಅದೇ ಪೈಪೋಟಿ ವೆಚ್ಚದ ಏರಿಕೆಯನ್ನು ತಡೆಯತೊಡಗಿತು! ಹಾಗೆಂದು ಪೈಪೋಟಿಯೇ ಬೇಡವೆನ್ನುವಂತಿಲ್ಲ. ಅಕ್ಕಪಕ್ಕದ ಆಸ್ಪತ್ರೆಗಳು ಒಂದಾಗಿ ಏಕಸ್ವಾಮ್ಯ ಪಡೆದಾಗ ದರಗಳು ಏರಿದುದನ್ನೂ ಅದೇ ದೇಶ ಕಂಡಿದೆ.

ನಮ್ಮಲ್ಲಿಯ ಉದಾಹರಣೆ ಇನ್ನೂ ಕಣ್ತೆರೆಸುವಂತಹುದು. ಹೃದಯದ ರಕ್ತನಾಳವನ್ನು ತೆರೆದಿಡಲು ಒಳಗಿರಿಸುವ ಸಣ್ಣ ಜಾಲರಿ ಕೊಳವೆಯೇ ಸ್ಟೆಂಟ್. ಅದನ್ನು ತಯಾರಿಸುವ ಸ್ವದೇಶಿ, ವಿದೇಶಿ ಕಂಪನಿಗಳು ಹಲವು ಇದ್ದವು. ಬೆಲೆ ಇಳಿಯಬೇಕಿತ್ತು, ಏರಿತು. ಏಕೆಂದರೆ ಹಣ ಕೊಡುವವನು ರೋಗಿ, ಆಯ್ಕೆ ಮಾಡುವವರು ಬೇರೆಯವರು. ಮೇಲೆ ಮುದ್ರಿಸಿದ ಬೆಲೆಗೂ ಆಸ್ಪತ್ರೆಗೆ ಸಿಗುವ ಬೆಲೆಗೂ ಅಂತರ ಹೆಚ್ಚಿದಷ್ಟೂ ಆ ಮಾಲು ಹೆಚ್ಚು ಆಕರ್ಷಕವಾಗುತ್ತಿತ್ತು. ಅಂದರೆ ಕಂಪನಿಗಳು ಪೈಪೋಟಿ ನಡೆಸಿದುದು ಅಗ್ಗದ ಬೆಲೆಯಲ್ಲಲ್ಲ, ದೊಡ್ಡ ಲಾಭಾಂಶದಲ್ಲಿ. ಆಸ್ಪತ್ರೆಯ ಹಂತದಲ್ಲಿ ಈ ಲಾಭಾಂಶ ಶೇಕಡ 654ರವರೆಗೂ ಇದ್ದಿತೆಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವೇ ಹೇಳಿತು. 2017ರ ಫೆಬ್ರವರಿಯಲ್ಲಿ ಅದು ತೆರಿಗೆ ಹೊರತುಪಡಿಸಿ ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿ ಹಾಕಿತು. ಅದಕ್ಕೆ ಮುಂಚೆ ಲೇಪಿತ ಸ್ಟೆಂಟಿನ ಬೆಲೆ ಲಕ್ಷ ರೂಪಾಯಿ ದಾಟುತ್ತಿದ್ದುದುಂಟು. ಬೆಲೆಯೇನೋ ಇಳಿಯಿತು, ಬಿಲ್ಲಿನ ಬೇರೆ ಸಾಲುಗಳು ಉದ್ದವಾದುವೆಂಬ ದೂರೂ ಹಿಂದೆಯೇ ಬಂತು.

ಇದಕ್ಕೆ ಪ್ರತಿಯಾಗಿ ನಮ್ಮ ನಾಡಿನದೇ ಒಂದು ಪ್ರಯೋಗವನ್ನು ನೆನೆಯಬೇಕು. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸದಸ್ಯನ ವಂತಿಗೆ ಆಗ ತಿಂಗಳಿಗೆ ಕೇವಲ 5 ರೂಪಾಯಿ ಇದ್ದಿತು. ಲಕ್ಷಾಂತರ ರೈತರು ಒಂದಾದುದರಿಂದ ಅವರ ಪರವಾಗಿ ದರವನ್ನು ಮುಂಗಡವಾಗಿಯೇ ಗೊತ್ತುಮಾಡಲು ಸಾಧ್ಯವಾಯಿತು. ಬರಿದಾಗಿದ್ದ ಹಾಸಿಗೆಗಳಿಗೆ ರೋಗಿಗಳು ದೊರೆಯುವರೆಂದು ಆಸ್ಪತ್ರೆಗಳೂ ಒಪ್ಪಿದುವು. ಒಬ್ಬೊಂಟಿ ರೋಗಿ ಕೇಳಲಾರದ ದರವನ್ನು ಸಂಘ ಕೇಳಿತು. ಈ ದರ ತೀರ ಕಡಿಮೆಯೆಂದು ಆಸ್ಪತ್ರೆಗಳು ಗೊಣಗಿದುದನ್ನೂ ಅಲಕ್ಷಿಸಲಾಗದು. ದರ ಗಿಟ್ಟದಿದ್ದರೆ ಬಾಗಿಲು ತೆರೆದಿದ್ದೂ ಹಾಸಿಗೆ ಇಲ್ಲವೆಂಬ ಉತ್ತರ ಬರುತ್ತದೆ. 2018ರಲ್ಲಿ ಬೇರೆ ಯೋಜನೆಯೊಳಗೆ ಲೀನವಾದ ಯಶಸ್ವಿನಿಗೆ 2022ರಲ್ಲಿ ಮತ್ತೆ ಚಾಲನೆ ದೊರೆಯಿತು.

ಅವಸರವಿಲ್ಲದ ಚಿಕಿತ್ಸೆಗಳ ಮಾತು ಬೇರೆ. ಕಣ್ಣಿನ ಪೊರೆ, ಹರ್ನಿಯ, ಮಂಡಿಯ ಕೀಲು ಮೊದಲಾದವುಗಳಲ್ಲಿ ರೋಗಿಗೆ ವಿಚಾರಿಸಲು ಕಾಲಾವಕಾಶವಿರುತ್ತದೆ. ಅಲ್ಲಿ ಜವಳಿ ಅಂಗಡಿಯ ನ್ಯಾಯ ಸ್ವಲ್ಪಮಟ್ಟಿಗೆ ನಡೆಯುತ್ತದೆ. ಖಾಸಗಿ ಆಸ್ಪತ್ರೆಗಳು ದರಗಳನ್ನು ರೋಗಿಗಳಿಗೆ ತಿಳಿಯಪಡಿಸಬೇಕೆಂದು ನಮ್ಮ ರಾಜ್ಯದ 2007ರ ಕಾಯಿದೆಯೇ ವಿಧಿಸಿದೆ. ಎರಡು ಕಡೆ ಅಂದಾಜನ್ನು ಬರೆಸಿಕೊಳ್ಳುವಾಗ ಕೊಠಡಿಯ ಬಾಡಿಗೆಯೊಂದನ್ನೇ ಹೋಲಿಸದೆ, ಕಣ್ಣಿನೊಳಗಿಡುವ ಮಸೂರ, ಕೃತಕ ಕೀಲು, ಔಷಧ, ಪರೀಕ್ಷೆ ಇವೆಲ್ಲವೂ ಆ ಮೊತ್ತದಲ್ಲಿ ಸೇರಿವೆಯೇ ಎಂದು ಕೇಳಿಕೊಳ್ಳಬೇಕು.