ತಾಳವಾಡಿಯ ಮಕ್ಕಳೂ ಚೆನ್ನೈಯ ಹೊಣೆಯೂ

ಬಡವರ ಮಗು ಶಾಲೆಗೆ ಬಾರದಿದ್ದರೆ ದೋಷವನ್ನು ಮಗುವಿನಲ್ಲಿ ಅರಸದೆ ಶಾಲೆಯ ವ್ಯವಸ್ಥೆಯಲ್ಲಿ ಅರಸಬೇಕೆಂಬ ವಿವೇಕವನ್ನು ನಮ್ಮ ದೇಶದಲ್ಲಿ ಬಹು ಮುಂಚಿತವಾಗಿ ಕಾರ್ಯರೂಪಕ್ಕೆ ತಂದ ನಗರ ಚೆನ್ನೈ. 1920ರಲ್ಲಿ ಪಿ. ತ್ಯಾಗರಾಯ ಚೆಟ್ಟಿಯವರು ಮದರಾಸು ನಗರಸಭೆಯ ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಬಡಾವಣೆಯ ಶಾಲೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ಒಂದಾಣೆ ಮೀರದ ವೆಚ್ಚದಲ್ಲಿ ಉಪಾಹಾರ ನೀಡುವ ಏರ್ಪಾಡಾಯಿತು. 1956ರಲ್ಲಿ ಮುಖ್ಯಮಂತ್ರಿ ಕಾಮರಾಜರೂ 1982ರಲ್ಲಿ ಮುಖ್ಯಮಂತ್ರಿ ಎಂ.ಜಿ.ಆರ್. ಅವರೂ ಅದೇ ತತ್ತ್ವವನ್ನು ರಾಜ್ಯದಾದ್ಯಂತ ವಿಸ್ತರಿಸಿದರು. 2022ರಲ್ಲಿ ಬೆಳಗಿನ ಉಪಾಹಾರವೂ ಅದಕ್ಕೆ ಸೇರಿತು.

ಅನ್ನದ ವಿಷಯದಲ್ಲಿ ಇಷ್ಟು ಉದಾರವಾದ ಈ ರಾಜಧಾನಿ, ಭಾಷೆಯ ವಿಷಯದಲ್ಲಿಯೂ ಅದೇ ನ್ಯಾಯವನ್ನು ಪಾಲಿಸಬೇಕೆಂಬುದು ನನ್ನ ನಿವೇದನೆ. ದಿಂಬಂ ಘಟ್ಟದ ಮೇಲಿರುವ ಈರೋಡು ಜಿಲ್ಲೆಯ ತಾಳವಾಡಿ, ವರನಟ ರಾಜಕುಮಾರರ ಗಾಜನೂರನ್ನು ತನ್ನ ಮಗ್ಗುಲಲ್ಲಿರಿಸಿಕೊಂಡ ಸಣ್ಣ ಊರು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ತಮಿಳುನಾಡಿನಲ್ಲಿಯೇ ಉಳಿದರೂ ಅಲ್ಲಿಯ ಅನೇಕ ಮನೆಗಳ ಮಾತು ಇಂದಿಗೂ ಕನ್ನಡ. ಅಲ್ಲಿಯೂ ಹೊಸೂರು ಸೀಮೆಯಲ್ಲಿಯೂ ಸರ್ಕಾರವೇ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತ ಬಂದಿದೆ.

ಆದರೆ ರಾಜ್ಯದ 2006ರ ತಮಿಳು ಕಲಿಕೆಯ ಶಾಸನ ಒಂದನೆಯ ತರಗತಿಯಿಂದ ಆರಂಭವಾಗಿ, ವರ್ಷಕ್ಕೊಂದು ತರಗತಿಯಂತೆ ಏರುತ್ತ ತಮಿಳನ್ನು ಪ್ರಥಮ ಭಾಷೆಯಾಗಿ ಕಡ್ಡಾಯಗೊಳಿಸಿತು. ಮಾತೃಭಾಷೆ ಐಚ್ಛಿಕ ವಿಷಯವಾಯಿತು. ಅಲ್ಪಸಂಖ್ಯಾತ ಭಾಷೆಗಳ ವಿದ್ಯಾರ್ಥಿಗಳು ವಿನಾಯಿತಿಗಾಗಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಬೇಕಾಯಿತು. ನೆಲೆಸಿದ ನಾಡಿನ ನುಡಿಯನ್ನು ಕಲಿಯುವುದು ಮಕ್ಕಳಿಗೆ ಹಿತವೇ, ಅವಶ್ಯಕವೇ, ಅದಕ್ಕೆ ವಿರೋಧವಿಲ್ಲ. ಆದರೆ ಕನ್ನಡ ಬಲ್ಲ ಅಧ್ಯಾಪಕರು ನಿವೃತ್ತರಾದೊಡನೆ ಆ ಸ್ಥಾನ ತೆರವಾಗಿಯೇ ಉಳಿದು, ತಮಿಳು ಕಲಿಸಬಂದವರಿಗೆ ಮಗುವಿನ ಮನೆಮಾತು ತಿಳಿಯದೆ ಹೋದರೆ, ಆ ಮಗು ಎರಡು ಭಾಷೆಗಳಲ್ಲಿಯೂ ಅರ್ಧವಿದ್ಯೆಗೆ ಗುರಿಯಾಗುತ್ತದೆ. ಪರೀಕ್ಷೆಯ ಫಲ ಕುಗ್ಗುತ್ತದೆ. ತಾಯಿತಂದೆಗಳು ಸಾಲಮಾಡಿಯಾದರೂ ಖಾಸಗಿ ಇಂಗ್ಲಿಷ್ ಶಾಲೆಯನ್ನು ಹುಡುಕುತ್ತಾರೆ. ಬಳಿಕ ದಾಖಲಾತಿ ಕಡಿಮೆಯಾಯಿತೆಂಬ ಕಾರಣದಿಂದಲೇ ಅಧ್ಯಾಪಕರ ಸಂಖ್ಯೆಯನ್ನು ಇನ್ನಷ್ಟು ಇಳಿಸಲಾಗುತ್ತದೆ. ಈ ವಿಷವರ್ತುಲಕ್ಕೆ ಜನರ ಅನಾಸಕ್ತಿಯೆಂದು ಹೆಸರಿಡುವುದು ಅನ್ಯಾಯ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೇ ವಿಧಿಸಿದೆ. ಕರ್ನಾಟಕದಲ್ಲಿ ತಮಿಳು ಮಾಧ್ಯಮದಲ್ಲಿ ಓದುವ ಮಕ್ಕಳಿಗೂ ಇದೇ ಹಕ್ಕು ಸಲ್ಲತಕ್ಕದ್ದು. ಆದುದರಿಂದ ಗಡಿಯ ಶಾಲೆಗಳಿಗೆ ಕನ್ನಡ, ತಮಿಳು ಎರಡನ್ನೂ ಬಲ್ಲ ಅಧ್ಯಾಪಕರನ್ನು ನೇಮಿಸಲಿ. ಪಠ್ಯಪುಸ್ತಕಗಳು ಶಾಲೆ ತೆರೆಯುವ ದಿನವೇ ಮಕ್ಕಳ ಕೈಸೇರಲಿ. ಚೆನ್ನೈಯಲ್ಲಿ ನೆಲೆಸಿ ಉನ್ನತ ಸ್ಥಾನಗಳನ್ನೇರಿದ ಕನ್ನಡಿಗರು ಈ ಬೇಡಿಕೆಯನ್ನು ಸರ್ಕಾರದ ಮುಂದಿಡಲು ಇನ್ನು ತಡಮಾಡಬಾರದು.