ಮೂಕಿಯೆಂದು ಹೊರಗಿಟ್ಟ ವಸಂತಸೇನೆ

ಮೂಕಿ ಚಿತ್ರಕ್ಕೆ ಭಾಷೆಯಿಲ್ಲ, ಭಾಷೆಯಿಲ್ಲದ್ದು ಸಾಹಿತ್ಯಾಭ್ಯಾಸಕ್ಕೆ ವಿಷಯವಲ್ಲ ಎಂಬ ತೀರ್ಮಾನವನ್ನು ನಮ್ಮ ವಿದ್ವತ್‌ವಲಯ ಚರ್ಚೆಯಿಲ್ಲದೆಯೇ ಒಪ್ಪಿಕೊಂಡಂತಿದೆ. ಅದರ ಫಲವಾಗಿ ಕನ್ನಡ ಚಲನಚಿತ್ರದ ಕಥೆ 1934ರ ವಾಕ್ಚಿತ್ರ ‘ಸತಿ ಸುಲೋಚನ’ದಿಂದಲೇ ಆರಂಭವಾಗುತ್ತದೆ. ಅದಕ್ಕೂ ಮೊದಲು, 1930ರ ಹೊತ್ತಿಗೆ, ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ್ ಭವನಾನಿ ನಿರ್ದೇಶಿಸಿದ ‘ವಸಂತಸೇನಾ’ ಅಡಿಟಿಪ್ಪಣಿಯಾಗಿ ಉಳಿಯುತ್ತದೆ. ಏಣಾಕ್ಷಿ ರಾಮರಾವ್, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಮೊದಲಾದವರು ಅಭಿನಯಿಸಿದ ಚಿತ್ರವದು. ಕೈಲಾಸಂ ನಾಟಕಗಳ ಸಂಭಾಷಣೆಯನ್ನು ಕುರಿತು ಇಷ್ಟೊಂದು ಬರೆದಿರುವ ನಾವು, ಆ ಮಾತಿನ ಮಲ್ಲ ಮಾತನ್ನೇ ಬಿಟ್ಟು ನಟಿಸಿದ ಪ್ರಸಂಗವನ್ನು ಕುರಿತು ಮೌನ ತಾಳಿರುವುದೇಕೆ?

ನಾಟಕವನ್ನು ದೃಶ್ಯಕಾವ್ಯವೆಂದು ಕರೆದದ್ದು ನಮ್ಮ ಪರಂಪರೆಯೇ. ಭರತ ಹೇಳಿದ ಅಭಿನಯಗಳು ನಾಲ್ಕು: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಮೂಕಿಯಲ್ಲಿ ಇಲ್ಲವಾಗುವುದು ವಾಚಿಕ ಮಾತ್ರ. ಮೃಚ್ಛಕಟಿಕದ ಹತ್ತು ಅಂಕಗಳಲ್ಲಿ ಕಥೆಯನ್ನು ತಿರುಗಿಸುವ ಘಟ್ಟಗಳನ್ನು ನೆನೆಯಿರಿ. ಶರ್ವಿಲಕ ಗೋಡೆಗೆ ಕನ್ನ ಕೊರೆಯುತ್ತಾನೆ. ವಸಂತಸೇನೆ ಮಗು ರೋಹಸೇನನ ಮಣ್ಣಿನ ಬಂಡಿಗೆ ತನ್ನ ಒಡವೆಗಳನ್ನು ತುಂಬುತ್ತಾಳೆ. ಅದೇ ಒಡವೆಗಳು ನ್ಯಾಯಸಭೆಯಲ್ಲಿ ಮೈತ್ರೇಯನ ಕಂಕುಳಿನಿಂದ ಜಾರಿ ಚಾರುದತ್ತನ ಮೇಲಿನ ಕೊಲೆಯ ಆರೋಪಕ್ಕೆ ಸಾಕ್ಷಿಯಾಗುತ್ತವೆ. ಈ ಘಟ್ಟಗಳೆಲ್ಲ ಮೊದಲು ಕಣ್ಣಿಗೆ ಒದಗುವಂಥವು.

ಶಕಾರನ ವಿಕಾರವಾದ ಪ್ರಾಕೃತ ಮೂಕಿಯಲ್ಲಿ ಕೇಳಿಸದು, ನಿಜ. ಅದು ನಷ್ಟವೇ. ಆದರೆ ಬಗೆಬಗೆಯ ಪ್ರಾಕೃತಗಳನ್ನಾಡುವ ಪಾತ್ರಗಳ ಬಾಯಲ್ಲಿ ಒಂದೇ ಗ್ರಾಂಥಿಕ ಕನ್ನಡವನ್ನಿಡುವ ಅನುವಾದದಲ್ಲಿಯೂ ಆ ನಷ್ಟ ಆಗುತ್ತದೆ. ಆ ಕಾರಣಕ್ಕೆ ಅನುವಾದವನ್ನು ಸಾಹಿತ್ಯದಿಂದ ಯಾರೂ ಹೊರಹಾಕಿಲ್ಲ.

ಎರಡನೆಯ ಆಕ್ಷೇಪ, ಚಿತ್ರ ಮೂಲವನ್ನು ಕೆಡಿಸುತ್ತದೆ ಎಂಬುದು. ಯಾವ ಮೂಲ? ಭಾಸನದೆಂದು ಹೇಳಲಾಗುವ ‘ಚಾರುದತ್ತ’ ನಾಲ್ಕು ಅಂಕಗಳಿಗೆ ನಿಲ್ಲುತ್ತದೆ. ಶೂದ್ರಕನಲ್ಲಿ ಚಾರುದತ್ತ ಉಜ್ಜಯಿನಿಯ ಬಡ ಬ್ರಾಹ್ಮಣ. ಪುನ್ನಾಟ ಸಂಘದ ಜಿನಸೇನಾಚಾರ್ಯ 783ರಲ್ಲಿ ಮುಗಿಸಿದ ‘ಹರಿವಂಶಪುರಾಣ’ದಲ್ಲಿ ಅವನು ಚಂಪಾನಗರದ ವರ್ತಕಪುತ್ರ, ವಸಂತಸೇನೆಯ ಮೋಹದಲ್ಲಿ ಐಶ್ವರ್ಯ ಕಳೆದುಕೊಂಡು ದೇಶಾಂತರ ಅಲೆಯುವವನು. ಕಥೆ ಕೈಯಿಂದ ಕೈಗೆ ಹೋದಂತೆ ಅರ್ಥಾಂತರ ಪಡೆಯುತ್ತ ಬಂದಿದೆ. ಕನ್ನಡದಲ್ಲಿ ದೊರೆತ ಮೊದಲ ನಾಟಕವೆನಿಸಿದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ವೂ ಹರ್ಷನ ‘ರತ್ನಾವಳಿ’ಯ ರೂಪಾಂತರವೇ. ಸಿಂಗರಾರ್ಯನಿಗೆ ಸಲ್ಲುವ ನ್ಯಾಯ ಭವನಾನಿಗೆ ಏಕೆ ಸಲ್ಲದು?

ಚಿತ್ರ ಸಾಹಿತ್ಯಕೃತಿಗೆ ಏನು ಮಾಡಬಲ್ಲದು ಎಂಬುದಕ್ಕೆ ಕೂಡ್ಲಿಗಿ ಸೀಮೆಯ ಗುಡೇಕೋಟೆಯೇ ಸಾಕ್ಷಿ. ಒನಕೆ ಓಬವ್ವನ ತವರೆಂದು ಜನ ಹೇಳುವ ಊರಿದು. ಆ ವೀರವನಿತೆಯ ರೂಪ ನಾಡಿನ ಕಣ್ಣಲ್ಲಿ ನಿಂತದ್ದು ಬಹುಮಟ್ಟಿಗೆ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ (1972) ಚಿತ್ರದಿಂದ. ಅಲ್ಲಿ ನೆನಪಿನಲ್ಲಿ ಉಳಿಯುವುದು ಓಬವ್ವನ ಪಾತ್ರದ ಜಯಂತಿ ಎತ್ತಿದ ಒನಕೆ, ಕಿಂಡಿಯ ಬಳಿಯ ಆ ನಿಲುವು. ಅದು ಸಂಭಾಷಣೆಯ ಬಲವಲ್ಲ, ಆಂಗಿಕದ ಬಲ.

ಚಿತ್ರದ ಪ್ರತಿ ಕಣ್ಣ ಮುಂದಿಲ್ಲದಿದ್ದರೆ ಅಧ್ಯಯನವೆಂತು ಎಂದು ಕೇಳುವವರಿಗೆ ಗುಣವರ್ಮನನ್ನು ನೆನಪಿಸಬೇಕು. ಒಂದನೆಯ ಗುಣವರ್ಮನ ‘ಶೂದ್ರಕ’ವಾಗಲಿ ‘ಹರಿವಂಶ’ವಾಗಲಿ ನಮಗೆ ದೊರೆತಿಲ್ಲ. ಉಲ್ಲೇಖಗಳನ್ನೂ ಉದ್ಧೃತ ಪದ್ಯಗಳನ್ನೂ ಹೆಕ್ಕಿ ವಿದ್ವಾಂಸರು ಅವನಿಗೆ ಸಾಹಿತ್ಯಚರಿತ್ರೆಯಲ್ಲಿ ಪೀಠ ಕೊಟ್ಟಿದ್ದಾರೆ. ಅದೇ ವಿಧಾನ ಚಿತ್ರಕ್ಕೂ ಸಲ್ಲುತ್ತದೆ.

ಮಲಯಾಳದ ಉದಾಹರಣೆ ಇನ್ನೂ ಚುರುಕಾದದ್ದು. ಸಿ.ವಿ. ರಾಮನ್ ಪಿಳ್ಳೆಯವರ 1891ರ ಕಾದಂಬರಿಯನ್ನು ಆಧರಿಸಿದ ಮೂಕಿ ‘ಮಾರ್ತಾಂಡ ವರ್ಮ’ (1933) ಬಿಡುಗಡೆಯಾದೊಡನೆ ಕಾದಂಬರಿಯ ಪ್ರಕಾಶಕರು ಹಕ್ಕುಸ್ವಾಮ್ಯದ ದಾವೆ ಹೂಡಿದರು. ಪ್ರದರ್ಶನ ನಿಂತಿತು, ಪ್ರತಿ ಪ್ರಕಾಶಕರ ಬಳಿ ಉಳಿಯಿತು; 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಸೇರಿತು. ಅಂದರೆ ಆ ಚಿತ್ರವನ್ನು ಉಳಿಸಿದ್ದು ಪುಸ್ತಕಲೋಕದ ವ್ಯಾಜ್ಯ! ಶೂದ್ರಕನ ಪರವಾಗಿ ದಾವೆ ಹೂಡುವ ವಾರಸುದಾರನಿರಲಿಲ್ಲ. ಆ ವಾರಸುದಾರಿಕೆ ಸಾಹಿತ್ಯದ ವಿದ್ಯಾರ್ಥಿಗಳದಾಗಬೇಕಿತ್ತು.

ಈಗಲಾದರೂ ಆಗಲಿ. ಅಂದಿನ ಪತ್ರಿಕೆಗಳ ಜಾಹೀರಾತು, ವಿಮರ್ಶೆ, ಕರಪತ್ರ, ಸ್ಥಿರಚಿತ್ರ, ನಟರ ಪತ್ರ ಹಾಗೂ ಆತ್ಮಕಥನಗಳನ್ನು ಶಾಸನ ಸಂಗ್ರಹಿಸಿದ ಶ್ರದ್ಧೆಯಿಂದಲೇ ಸಂಗ್ರಹಿಸಬೇಕು. ಮೃಚ್ಛಕಟಿಕ ಪಠ್ಯವಾಗಿರುವ ತರಗತಿಯಲ್ಲಿ ಭಾಸ, ಜಿನಸೇನರ ಪಕ್ಕದಲ್ಲಿ ಈ ಚಿತ್ರದ ಹೆಸರೂ ಬರಬೇಕು. ಕಾಗದ ಪುಡಿಯಾಗುವುದಕ್ಕೆ ನಮ್ಮ ಪಠ್ಯಸಮಿತಿಗಳ ಒಪ್ಪಿಗೆ ಬೇಕಿಲ್ಲ.